ಪ್ರಾಚೀನ ಗ್ರೀಸಿನ ಹೆಂಗಸರು ಮತ್ತು ಸಭೆಯ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಕ್ ಭಾಷಣಕಲೆ ಎಂದ ಕೂಡಲೇ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಅಭ್ಯಾಸ ಮಾಡಿದ ಕಥೆ ನೆನಪಾಗುತ್ತದೆ. ಹೆಂಗಸರ ವಿಷಯ ಬಂದರೆ ಅಥೆನ್ಸಿನ ನಾಯಕ ಪೆರಿಕ್ಲೀಸನ ಸಂಗಾತಿ ಅಸ್ಪಾಸಿಯಾ ಎಂಬ ಒಂದು ಹೆಸರು ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗುವುದು ವಾಡಿಕೆ. ಆ ಎರಡರ ನಡುವೆ ಉಳಿದುಹೋದದ್ದು ಬಹಳ ಇದೆ. ಕೆಳಗಿನ ಪ್ರಶ್ನೆಗಳಲ್ಲಿ ಕೆಲವು ಓದುಗರು ಕೇಳುವಂಥವು, ಕೆಲವು ನಾನೇ ನನಗೆ ಕೇಳಿಕೊಂಡವು.

ಇಲ್ಲಿ ‘ಭಾಷಣಕಲೆ’ ಎಂದರೆ ಏನು? ನಮ್ಮ ಅಲಂಕಾರಶಾಸ್ತ್ರದಂಥದ್ದೇ?

ಅಲಂಕಾರಶಾಸ್ತ್ರದ ಕಣ್ಣು ಕಾವ್ಯದ ಮೇಲೆ. ಗ್ರೀಕರು ‘ರೆಟೋರಿಕೆ’ ಎಂದು ಕರೆದ ವಿದ್ಯೆ ಬೆಳೆದದ್ದು ಜನಸಭೆಯ ಗದ್ದಲದಲ್ಲಿ, ನ್ಯಾಯಾಲಯದ ಜಗಳದಲ್ಲಿ. ಅರಿಸ್ಟಾಟಲ್ ಅದನ್ನು ಮೂರು ಬಗೆಯಾಗಿ ವಿಂಗಡಿಸಿದ: ಮುಂದೇನು ಮಾಡಬೇಕೆಂದು ಸಭೆಗೆ ಸಲಹೆ ಕೊಡುವ ಮಾತು, ನಡೆದುಹೋದದ್ದರ ಬಗ್ಗೆ ನ್ಯಾಯಾಲಯದಲ್ಲಿ ವಾದಿಸುವ ಮಾತು, ಸಮಾರಂಭಗಳಲ್ಲಿ ಹೊಗಳುವ ಅಥವಾ ತೆಗಳುವ ಮಾತು. ಮೂರಕ್ಕೂ ನಿಲ್ಲಲು ಒಂದು ಜಾಗ ಬೇಕು, ಕೇಳಲು ಜನ ಬೇಕು. ಅಥೆನ್ಸಿನಲ್ಲಿ ಮೂರೂ ಜಾಗಗಳು ಗಂಡಸರ ಕೈಯಲ್ಲಿದ್ದವು. ಹಾಗಾಗಿ ಈ ವಿದ್ಯೆಯ ಚರಿತ್ರೆ ಬರೆದವರೆಲ್ಲ ಗಂಡಸರ ಚರಿತ್ರೆಯನ್ನೇ ಬರೆದರು.

ಜನಸಭೆಯಲ್ಲಿ ಹೆಂಗಸರು ಎದ್ದು ಮಾತನಾಡಬಹುದಿತ್ತೇ?

ಇಲ್ಲ. ಪ್ನಿಕ್ಸ್ ಗುಡ್ಡದ ಮೇಲೆ ಸಭೆ ಸೇರಿದಾಗ ಸಾರುವವನು ‘ಯಾರು ಮಾತನಾಡಲು ಬಯಸುತ್ತೀರಿ?’ ಎಂದು ಕೂಗುತ್ತಿದ್ದ. ಆ ‘ಯಾರು’ ಎಂಬುದರಲ್ಲಿ ವಯಸ್ಕ ಗಂಡು ಪೌರರು ಮಾತ್ರ ಇದ್ದರು. ಗುಲಾಮರು, ಹೊರಊರಿನಿಂದ ಬಂದು ನೆಲೆಸಿದವರು ಕೂಡ ಅದರಿಂದ ಹೊರಗೆ. ನ್ಯಾಯಾಲಯದಲ್ಲಿ ಹೆಂಗಸಿನ ಪರವಾಗಿ ಅವಳ ‘ಕೂರಿಯೊಸ್’ ಮಾತನಾಡಬೇಕು. ಮದುವೆಗೆ ಮೊದಲು ತಂದೆ, ಆಮೇಲೆ ಗಂಡ, ಅವನೂ ಇಲ್ಲದಿದ್ದರೆ ಸೋದರ ಅಥವಾ ಬೆಳೆದ ಮಗ. ಈ ಪದಕ್ಕೆ ಕನ್ನಡದಲ್ಲಿ ಸಮಾನಪದ ಹುಡುಕಿ ಬೇಸರಪಡಬೇಕಾಗಿಲ್ಲ. ‘ಯಜಮಾನರು’ ಎಂದರೆ ಸಾಕು.

‘ಮೌನವೇ ಹೆಣ್ಣಿಗೆ ಆಭರಣ’ ಎಂದು ಹೇಳಿದ್ದು ಅರಿಸ್ಟಾಟಲ್ ಅಲ್ಲವೇ?

ಅವನು ಉದ್ಧರಿಸಿದ. ಮೂಲದಲ್ಲಿ ಅದು ಸಾಫೊಕ್ಲೀಸನ ‘ಅಯಾಸ್’ ನಾಟಕದ ಸಾಲು. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಓದಿದವರಿಗೆ ಆ ನಾಟಕದ ಹಂದರ ಗೊತ್ತಿರುತ್ತದೆ, ಅದಕ್ಕೆ ಆಧಾರ ಇದೇ.

ಸಾಲು ಬರುವ ಸಂದರ್ಭವನ್ನು ನೋಡಬೇಕು. ನಡುರಾತ್ರಿ ಟ್ರಾಯ್ ಯುದ್ಧದ ವೀರ ಅಯಾಸ್ ಕತ್ತಿ ಹಿಡಿದು ಹೊರಟಿದ್ದಾನೆ. ಯಾರೂ ಕರೆಯದೆ, ಕಹಳೆ ಊದದೆ ಎಲ್ಲಿಗೆ ಹೊರಟೆ ಎಂದು ಅವನ ಜೊತೆ ಬಾಳುತ್ತಿರುವ ಟೆಕ್ಮೆಸ್ಸಾ ಕೇಳುತ್ತಾಳೆ. ‘ಹೆಣ್ಣೇ, ಹೆಣ್ಣಿಗೆ ಮೌನವೇ ಭೂಷಣ’ ಎಂದು ಹೇಳಿ ಹೋಗುತ್ತಾನೆ. ಹೋಗಿ ಮಾಡಿದ್ದೇನು? ಬುದ್ಧಿ ಕೆಟ್ಟು, ದನಕುರಿಗಳನ್ನೇ ಶತ್ರುಗಳೆಂದು ತಿಳಿದು ಕಡಿದುಹಾಕಿದ. ಅವಳ ಪ್ರಶ್ನೆಗೆ ನಿಂತು ಉತ್ತರ ಕೊಟ್ಟಿದ್ದರೆ ನಾಟಕವೇ ನಡೆಯುತ್ತಿರಲಿಲ್ಲವೇನೋ. ಇನ್ನೂ ಒಂದು ಸಂಗತಿ: ರಂಗದ ಮೇಲೆ ಈ ಮಾತನ್ನು ನಾವು ಕೇಳುವುದು ಅಯಾಸನ ಬಾಯಿಂದಲ್ಲ. ಮರುದಿನ ಬೆಳಗ್ಗೆ ನಾವಿಕರ ಮುಂದೆ ನಡೆದದ್ದನ್ನೆಲ್ಲ ವಿವರವಾಗಿ ಹೇಳುವ ಟೆಕ್ಮೆಸ್ಸಾಳೇ ಇದನ್ನೂ ಹೇಳುತ್ತಾಳೆ, ಅದೂ ‘ಸದಾ ಹಾಡುವ ಹಳೆಯ ಪಲ್ಲವಿ’ ಎಂಬ ಕೊಂಕಿನೊಂದಿಗೆ. ಅರಿಸ್ಟಾಟಲ್ ತನ್ನ ರಾಜ್ಯಶಾಸ್ತ್ರದ ಗ್ರಂಥದಲ್ಲಿ ಇದಿಷ್ಟನ್ನೂ ಬಿಟ್ಟು ಸಾಲೊಂದನ್ನೇ ಕಿತ್ತುಕೊಂಡ.

ಈ ಧೋರಣೆ ಎಷ್ಟು ಹಳೆಯದು?

ಹೋಮರನಷ್ಟು ಹಳೆಯದು. ‘ಒಡಿಸ್ಸಿ’ಯ ಮೊದಲ ಸರ್ಗದಲ್ಲೇ ಕಥಾನಾಯಕನ ಹೆಂಡತಿ ಪೆನೆಲೊಪಿ ಕೆಳಗಿಳಿದು ಬಂದು, ಆ ದುಃಖದ ಹಾಡನ್ನು ನಿಲ್ಲಿಸು ಎಂದು ಗಾಯಕನನ್ನು ಕೇಳಿಕೊಳ್ಳುತ್ತಾಳೆ. ಮೀಸೆ ಚಿಗುರುತ್ತಿರುವ ಮಗ ಟೆಲಿಮಾಕಸ್ ಎಲ್ಲರೆದುರು, ‘ಒಳಗೆ ಹೋಗಿ ಮಗ್ಗ, ಕದಿರು ನೋಡಿಕೊ, ಮಾತು ಗಂಡಸರ ಕೆಲಸ’ ಎನ್ನುತ್ತಾನೆ. ಮಗ ದೊಡ್ಡವನಾದ ಎಂಬುದಕ್ಕೆ ಕವಿ ಕೊಡುವ ಗುರುತು ಅದು.

ಕ್ರಿ.ಪೂ. 431ರಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವೆ ಶುರುವಾದ ಪೆಲೊಪೊನೀಸಿಯನ್ ಯುದ್ಧದ ಮೊದಲ ವರ್ಷ ಸತ್ತವರಿಗಾಗಿ ಪೆರಿಕ್ಲೀಸ್ ಮಾಡಿದ ಭಾಷಣವನ್ನು ಚರಿತ್ರೆಕಾರ ಥ್ಯೂಸಿಡಿಡೀಸ್ ಬರೆದಿಟ್ಟಿದ್ದಾನೆ. ಅದರ ಕೊನೆಯಲ್ಲಿ ವಿಧವೆಯರಿಗೆ ಒಂದೆರಡು ವಾಕ್ಯ: ಹೊಗಳಿಕೆಯೋ ತೆಗಳಿಕೆಯೋ, ಗಂಡಸರ ನಡುವೆ ನಿಮ್ಮ ಸುದ್ದಿ ಎಷ್ಟು ಕಡಿಮೆಯೋ ಅಷ್ಟು ನಿಮಗೆ ಕೀರ್ತಿ. ಇದನ್ನು ಹೇಳಿ ಅವನು ಮನೆಗೆ ಹೋದದ್ದು ಅಸ್ಪಾಸಿಯಾಳ ಬಳಿಗೆ. ಇಡೀ ಅಥೆನ್ಸಿನಲ್ಲಿ ಅವಳಷ್ಟು ಜನರ ಬಾಯಿಗೆ ಬಿದ್ದ ಹೆಂಗಸು ಇನ್ನೊಬ್ಬಳಿರಲಿಲ್ಲ.

ಹಾಗಾದರೆ ಅಸ್ಪಾಸಿಯಾ ಸಾಕ್ರಟೀಸನಿಗೆ ಭಾಷಣ ಕಲಿಸಿದ್ದು ನಿಜವೇ?

ಪ್ಲೇಟೋನ ‘ಮೆನೆಕ್ಸೆನಸ್’ ಸಂವಾದದಲ್ಲಿ ಸಾಕ್ರಟೀಸ್ ಹಾಗೆ ಹೇಳುತ್ತಾನೆ. ಭಾಷಣಕಲೆಯಲ್ಲಿ ಅವಳೇ ನನ್ನ ಗುರು, ಪೆರಿಕ್ಲೀಸನಿಗೂ ಅವಳೇ ಗುರು, ಪಾಠ ಮರೆತಾಗ ಇನ್ನೇನು ಏಟು ಬೀಳುವುದರಲ್ಲಿತ್ತು ಎಂದು ತಮಾಷೆ ಮಾಡುತ್ತಾನೆ. ಪೆರಿಕ್ಲೀಸನ ಭಾಷಣ ಬರೆಯುವಾಗ ಉಳಿದ ತುಣುಕುಗಳನ್ನು ಅಂಟಿಸಿ ಅವಳು ಇನ್ನೊಂದು ಶ್ರದ್ಧಾಂಜಲಿ ಭಾಷಣ ಕಟ್ಟಿದಳಂತೆ, ಅದನ್ನು ಪೂರ್ತಿ ಒಪ್ಪಿಸುತ್ತಾನೆ.

ಆ ಭಾಷಣದಲ್ಲಿ ಕ್ರಿ.ಪೂ. 386ರ ಶಾಂತಿ ಒಪ್ಪಂದದವರೆಗಿನ ಸಂಗತಿಗಳು ಬರುತ್ತವೆ. ಸಾಕ್ರಟೀಸ್ ಸತ್ತದ್ದು 399ರಲ್ಲಿ. ಇದನ್ನು ಚರಿತ್ರೆಯೆಂದು ಓದಬೇಡಿ ಎಂದು ಪ್ಲೇಟೋನೇ ಕಣ್ಣು ಮಿಟುಕಿಸುತ್ತಿರುವ ಹಾಗಿದೆ. ಹೆಂಗಸೊಬ್ಬಳು ಇಂಥದ್ದನ್ನು ಹೊಸೆಯಬಲ್ಲಳು ಎನ್ನುವ ಮೂಲಕ ಅವನು ಅಸ್ಪಾಸಿಯಾಳನ್ನು ಮೇಲೆತ್ತುತ್ತಿದ್ದಾನೋ, ಭಾಷಣಗಾರರನ್ನು ಗೇಲಿ ಮಾಡುತ್ತಿದ್ದಾನೋ? ನನಗೆ ಎರಡನೆಯದು ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ಅವಳಿಗೆ ಮಾತಿನ ಜಾಣ್ಮೆಯ ಹೆಸರು ಮೊದಲೇ ಇರದಿದ್ದರೆ ಗೇಲಿಯೂ ಅಂಟುತ್ತಿರಲಿಲ್ಲ.

ಸಾಕ್ರಟೀಸನ ಇನ್ನೊಬ್ಬ ಶಿಷ್ಯ, ಸ್ಫೆಟ್ಟಸ್‌ನ ಈಸ್ಕಿನೀಸ್ ಬರೆದ ಸಂವಾದದ ಒಂದು ತುಣುಕು ರೋಮಿನ ಭಾಷಣಗಾರ ಸಿಸೆರೋ ಮಾಡಿದ ಲ್ಯಾಟಿನ್ ಅನುವಾದದಲ್ಲಿ ಉಳಿದಿದೆ. ಅಸ್ಪಾಸಿಯಾ ಕ್ಸೆನೊಫೋನನ ಹೆಂಡತಿಯನ್ನು ಕೇಳುತ್ತಾಳೆ: ಪಕ್ಕದ ಮನೆಯವಳ ಚಿನ್ನ ನಿನ್ನದಕ್ಕಿಂತ ಒಳ್ಳೆಯದಾಗಿದ್ದರೆ ಯಾವುದು ಬೇಕು? ‘ಅವಳದ್ದು.’ ಅವಳ ಸೀರೆ-ಒಡವೆ ಎಂದು ನಾವು ಹೇಳುವಂಥದ್ದು? ‘ಅವಳದ್ದೇ.’ ಅವಳ ಗಂಡ ನಿನ್ನ ಗಂಡನಿಗಿಂತ ಒಳ್ಳೆಯವನಾಗಿದ್ದರೆ? ಹೆಂಡತಿಯ ಮುಖ ಕೆಂಪಾಯಿತು. ಗಂಡನಿಗೂ ಅದೇ ಸರಣಿ: ಕುದುರೆ, ಹೊಲ, ಆಮೇಲೆ ಹೆಂಡತಿ. ಅವನೂ ಬಾಯಿ ಮುಚ್ಚಿದ. ಉದಾಹರಣೆಗಳ ಮೆಟ್ಟಿಲು ಹತ್ತಿಸಿ ಎದುರಾಳಿಯನ್ನು ನಿಲ್ಲಿಸುವ ಈ ವಿಧಾನಕ್ಕೆ ಮಾದರಿಯಾಗಿ ಸಿಸೆರೋ ಇದನ್ನು ಕೊಡುತ್ತಾನೆ. ಭಾಷಣಕಲೆಯ ಪಠ್ಯದಲ್ಲಿ ಹೆಂಗಸೊಬ್ಬಳ ವಾದವೇ ಮಾದರಿ ಪಾಠವಾಗಿರುವುದು ಅಪರೂಪ. ಅವಳ ಸ್ವಂತ ಬರಹವೆಂದು ಮಾತ್ರ ಒಂದು ಸಾಲೂ ಉಳಿದಿಲ್ಲ.

ಒಬ್ಬಳನ್ನೇ ಆರಿಸಿ ಎಂದರೆ ನೀವು ಅಸ್ಪಾಸಿಯಾಳನ್ನು ಆರಿಸುವುದಿಲ್ಲವೇ?

ಇಲ್ಲ. ನಾನು ಆರಿಸುವವಳಿಗೆ ಹೆಸರಿಲ್ಲ. ಲಿಸಿಯಾಸ್ ಬರೆದ ‘ಡಿಯೊಗೈಟನ್ ವಿರುದ್ಧ’ ಎಂಬ ಭಾಷಣದಲ್ಲಿ ಅವಳು ಬರುತ್ತಾಳೆ.

ಕಥೆ ಹೀಗೆ. ಡಿಯೊಡೋಟಸ್ ಮತ್ತು ಡಿಯೊಗೈಟನ್ ಒಡಹುಟ್ಟಿದವರು. ಡಿಯೊಡೋಟಸ್ ವ್ಯಾಪಾರದಲ್ಲಿ ಚೆನ್ನಾಗಿ ದುಡಿದವನು. ಡಿಯೊಗೈಟನ್ ಅವನನ್ನು ಒಪ್ಪಿಸಿ ತನ್ನ ಒಬ್ಬಳೇ ಮಗಳನ್ನು ಅವನಿಗೇ ಮದುವೆ ಮಾಡಿಕೊಟ್ಟ. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದುಂಟು. ಅಥೆನ್ಸಿನವರು ತಂದೆಯ ಸೋದರನಿಗೂ ಕೊಡುತ್ತಿದ್ದರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಹುಟ್ಟಿದರು. ಯುದ್ಧಕ್ಕೆ ಹೊರಡುವ ಮುನ್ನ ಡಿಯೊಡೋಟಸ್ ಉಯಿಲು ಬರೆದು, ಐದು ಟ್ಯಾಲೆಂಟ್ ಬೆಳ್ಳಿಯನ್ನು ಡಿಯೊಗೈಟನ್‌ನ ಕೈಗೆ ಕೊಟ್ಟ. ಹಡಗು ವ್ಯಾಪಾರಕ್ಕೆ ಸಾಲ ಕೊಟ್ಟದ್ದು ಬೇರೆ ಏಳು ಟ್ಯಾಲೆಂಟಿಗೂ ಮೇಲೆ. ಒಂದು ಟ್ಯಾಲೆಂಟ್ ಎಂದರೆ 6000 ದ್ರಾಕ್ಮಾ. ಡಿಯೊಡೋಟಸ್ ಎಫೆಸಸ್‌ನಲ್ಲಿ ಸತ್ತ. ಡಿಯೊಗೈಟನ್ ಸಾವಿನ ಸುದ್ದಿಯನ್ನೇ ಕೆಲಕಾಲ ಮುಚ್ಚಿಟ್ಟು, ಮುದ್ರೆ ಹಾಕಿದ ಕಾಗದಪತ್ರಗಳನ್ನು ವಶಮಾಡಿಕೊಂಡ. ಎಂಟನೆಯ ವರ್ಷ ದೊಡ್ಡ ಹುಡುಗ ವಯಸ್ಸಿಗೆ ಬಂದಾಗ ಇಬ್ಬರನ್ನೂ ಕರೆದು, ನಿಮ್ಮಪ್ಪ ಬಿಟ್ಟುಹೋದದ್ದು ಇಪ್ಪತ್ತು ಮೀನಾ ಬೆಳ್ಳಿ, ಮೂವತ್ತು ಸ್ಟೇಟರ್ ನಾಣ್ಯ ಅಷ್ಟೇ, ನನ್ನ ಕೈಯಿಂದಲೇ ಬಹಳ ಖರ್ಚಾಗಿದೆ, ಇನ್ನು ನಿಮ್ಮ ದಾರಿ ನೀವು ನೋಡಿಕೊಳ್ಳಿ ಎಂದ. ಇಪ್ಪತ್ತು ಮೀನಾ ಎಂದರೆ ಒಂದು ಟ್ಯಾಲೆಂಟಿನ ಮೂರನೇ ಒಂದು ಭಾಗ.

ಮಕ್ಕಳು ಅಳುತ್ತಾ ತಾಯಿಯ ಬಳಿ ಹೋದರು. ಅವಳು ಅಳಿಯನನ್ನು ಕಾಡಿ ಬೇಡಿ, ತನ್ನ ತಂದೆಯನ್ನೂ ನಂಟರಿಷ್ಟರನ್ನೂ ಒಂದೆಡೆ ಸೇರಿಸಿದಳು. ಗಂಡಸರ ಎದುರು ಮಾತನಾಡಿ ಅಭ್ಯಾಸವಿಲ್ಲ, ಬಂದ ಕಷ್ಟ ಮಾತನಾಡಿಸುತ್ತಿದೆ ಎಂದಳು. ಭಾಷಣಕಲೆಯ ಯಾವ ಗುರುವೂ ಇದಕ್ಕಿಂತ ಒಳ್ಳೆಯ ಪೀಠಿಕೆ ಹೇಳಿಕೊಡಲಾರ.

ಆಮೇಲೆ ತಂದೆಯತ್ತ ತಿರುಗಿದಳು. ಈ ಮಕ್ಕಳಿಗೆ ಹೀಗೆ ಮಾಡಲು ನಿನಗೆ ಮನಸ್ಸಾದರೂ ಹೇಗೆ ಬಂತು, ನೀನು ಅವರ ಅಪ್ಪನ ಒಡಹುಟ್ಟಿದವನು, ನನ್ನ ತಂದೆ, ಅವರಿಗೆ ಅಜ್ಜ. ಮನುಷ್ಯರಿಗೆ ನಾಚದಿದ್ದರೂ ದೇವರಿಗಾದರೂ ಅಂಜಬೇಕಿತ್ತು. ಮಗಳ ಮಕ್ಕಳನ್ನು ಅವರ ಮನೆಯಿಂದಲೇ ಹೊರಹಾಕಿದೆ: ಹರಕು ಬಟ್ಟೆಯಲ್ಲಿ, ಬರಿಗಾಲಲ್ಲಿ, ಜೊತೆಗೊಬ್ಬ ಆಳಿಲ್ಲದೆ, ಹಾಸಿಗೆಯಿಲ್ಲದೆ, ಅಪ್ಪ ಬಿಟ್ಟುಹೋದ ಪಾತ್ರೆಪರಡಿ ಇಲ್ಲದೆ, ಅವನು ನಿನ್ನ ಬಳಿ ಇಟ್ಟ ಹಣವಿಲ್ಲದೆ. ಗ್ರೀಕಿನಲ್ಲಿ ಈ ‘ಇಲ್ಲದೆ’ಗಳು ಒಂದರ ಹಿಂದೆ ಒಂದು ಬಂದು ಬೀಳುತ್ತವೆ.

ಅಳು ಒಂದೇ ಅವಳ ಬಂಡವಾಳವಾಗಿರಲಿಲ್ಲ. ಮನೆ ಬದಲಾಯಿಸುವಾಗ ಎಸೆದುಹೋಗಿದ್ದ ಲೆಕ್ಕದ ಪುಸ್ತಕವೊಂದು ಮಕ್ಕಳ ಕೈಗೆ ಸಿಕ್ಕಿ, ಅವರು ಅದನ್ನು ತಾಯಿಗೆ ತಂದುಕೊಟ್ಟಿದ್ದರು. ಅದನ್ನು ಮುಂದಿಟ್ಟು, ಹಡಗಿನ ಸಾಲ ಏಳು ಟ್ಯಾಲೆಂಟ್ 4000 ದ್ರಾಕ್ಮಾ ವಸೂಲಾಗಿದೆ ಎಂದು ತೋರಿಸಿದಳು. ಎಲ್ಲಿ ಹೇಳಿದರೆ ಅಲ್ಲಿ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಪ್ರಮಾಣ ಮಾಡುತ್ತೇನೆ ಎಂದಳು. ವ್ಯಕ್ತಿಯ ನಂಬಿಕೆ, ಕೇಳುಗರ ಕರುಣೆ, ಕೈಯಲ್ಲಿ ಪುರಾವೆ, ಅರಿಸ್ಟಾಟಲ್ ಮುಂದೆ ಶಾಸ್ತ್ರ ಮಾಡಿದ್ದೆಲ್ಲ ಆ ಜಗಲಿಯ ಪಂಚಾಯಿತಿಯಲ್ಲಿ ಆಗಲೇ ಇತ್ತು. ಕೂಡಿದ್ದ ಗಂಡಸರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ; ನೊಂದವರು ಅತ್ತಷ್ಟೇ ನಾವೂ ಅತ್ತು ಸದ್ದಿಲ್ಲದೆ ಎದ್ದುಹೋದೆವು ಎಂದು ಭಾಷಣ ಹೇಳುತ್ತದೆ.

ಅದು ನಿಜಕ್ಕೂ ಅವಳ ಮಾತೇ? ಲಿಸಿಯಾಸ್ ಹೊಸೆದದ್ದಲ್ಲವೇ?

ನ್ಯಾಯಾಲಯದಲ್ಲಿ ಇದನ್ನು ಓದಿದವನು ಅವಳ ಅಳಿಯ, ಬರೆದುಕೊಟ್ಟವನು ಹಣ ಪಡೆದು ಭಾಷಣ ಬರೆಯುವ ಲಿಸಿಯಾಸ್. ಭಾಷಣದ ಈ ಭಾಗ ನಮ್ಮ ಕಾಲದವರೆಗೆ ಉಳಿದದ್ದು ಹಲಿಕಾರ್ನಾಸಸ್‌ನ ಡಿಯೊನೀಸಿಯಸ್ ಎಂಬ ವಿಮರ್ಶಕ ಲಿಸಿಯಾಸನ ಶೈಲಿಗೆ ಮಾದರಿ ಎಂದು ಅದನ್ನು ಎತ್ತಿಬರೆದ ಕಾರಣ. ಮೂರು ಗಂಡಸರ ಕೈ ದಾಟಿ ಬಂದ ಮಾತು. ಪದಗಳು ಇವೇ ಇದ್ದವು ಎಂದು ಯಾರೂ ಪ್ರಮಾಣ ಮಾಡಲಾರರು. ಆದರೆ ನಂಟರ ಕೂಟ ನಡೆದದ್ದು, ಅವಳು ಅಲ್ಲಿ ಮಾತನಾಡಿದ್ದು ಪೂರ್ತಿ ಕಟ್ಟುಕಥೆಯಾಗಿದ್ದರೆ ಅಲ್ಲಿದ್ದವರೇ ಅಲ್ಲಗಳೆಯಬಹುದಿತ್ತು. ಜೊತೆಗೆ, ನೂರಾರು ನ್ಯಾಯನಿರ್ಣಾಯಕರನ್ನು ಗೆಲ್ಲಬೇಕಾದಾಗ ಅಥೆನ್ಸಿನ ಅತ್ಯುತ್ತಮ ಭಾಷಣ ಬರಹಗಾರ ತನ್ನ ವಾದವನ್ನು ಹೆಂಗಸಿನ ಬಾಯಲ್ಲಿಟ್ಟ. ಮಾತನಾಡಬಾರದ ಜಾಗದಲ್ಲಿ ಅವಳ ದನಿಯೇ ಹೆಚ್ಚು ತೂಗುತ್ತದೆ ಎಂಬ ಲೆಕ್ಕ ಅವನಿಗಿತ್ತು.

ಅವಳ ಹೆಸರೇಕೆ ಇಲ್ಲ?

ಮರ್ಯಾದಸ್ಥ ಮನೆಯ ಬದುಕಿರುವ ಹೆಂಗಸಿನ ಹೆಸರನ್ನು ನ್ಯಾಯಾಲಯದಲ್ಲಿ ಎತ್ತದಿರುವುದು ರೂಢಿ. ‘ಇಂಥವರ ಮಗಳು, ಇಂಥವರ ತಾಯಿ’ ಎನ್ನುತ್ತಿದ್ದರು. ಹೆಸರು ಹಿಡಿದು ಹೇಳಿದರೆ ಒಂದೋ ಅವಳು ಸತ್ತಿರಬೇಕು, ಇಲ್ಲವೇ ಎದುರು ಪಕ್ಷದವಳು, ಇಲ್ಲವೇ ಅವಳ ಮರ್ಯಾದೆ ತೆಗೆಯುವ ಉದ್ದೇಶ. ನೆಯೆರಾ, ಪ್ಲಾಂಗೋನ್ ಎಂಬ ಹೆಸರುಗಳು ನಮಗೆ ಸಿಕ್ಕಿರುವುದು ಈ ಕಾರಣಕ್ಕೇ.

ಹೆಂಗಸಿನ ಮಾತಿಗೆ ಕಾನೂನಿನ ಬೆಲೆ ಎಲ್ಲಿಯೂ ಇರಲಿಲ್ಲವೇ?

ಪ್ರಮಾಣಕ್ಕೆ ಇತ್ತು. ಪ್ಲಾಂಗೋನಳ ಪ್ರಸಂಗ ಡೆಮಾಸ್ತನೀಸನ ಹೆಸರಿನಲ್ಲಿರುವ ಎರಡು ಭಾಷಣಗಳಲ್ಲಿದೆ. ಅವಳ ಇಬ್ಬರು ಗಂಡುಮಕ್ಕಳು ತನ್ನವರಲ್ಲ ಎಂದು ಮಾಂಟಿಯಾಸ್ ತಳ್ಳಿಹಾಕಿದ್ದ, ಹಿರಿಯವನು ದಾವೆ ಹೂಡಿದ್ದ. ಒಳಗೊಳಗೇ ಒಂದು ಒಪ್ಪಂದವಾಯಿತು: ಮಧ್ಯಸ್ಥನ ಎದುರು ಮಾಂಟಿಯಾಸ್ ‘ಪ್ರಮಾಣ ಮಾಡು’ ಎನ್ನುತ್ತಾನೆ, ಅವಳು ಒಲ್ಲೆ ಎನ್ನುತ್ತಾಳೆ, ಅದಕ್ಕೆ ಅವಳಿಗೆ 30 ಮೀನಾ. ದಿನ ಬಂತು, ಜಾಗ ಡೆಲ್ಫೀನಿಯನ್ ದೇವಾಲಯ. ಅವನು ಪ್ರಮಾಣಕ್ಕೆ ಕರೆದ, ಅವಳು ಮಾಡಿಯೇಬಿಟ್ಟಳು. ಇಬ್ಬರು ಹುಡುಗರೂ ಮಾಂಟಿಯಾಸನ ಮಕ್ಕಳಾದರು, ಪೌರರಾದರು, ಆಸ್ತಿಗೆ ಹಕ್ಕುದಾರರಾದರು. ಈ ಕಥೆ ಹೇಳುತ್ತಿರುವವನು ಹೊಟ್ಟೆಯುರಿಯ ಮಲಸೋದರ, ಆದ್ದರಿಂದ 30 ಮೀನಾದ ಭಾಗವನ್ನು ಸ್ವಲ್ಪ ಉಪ್ಪು ಖಾರ ಬಿಟ್ಟೇ ತೆಗೆದುಕೊಳ್ಳಬೇಕು. ಪ್ರಮಾಣ ಮಾತ್ರ ಅವನೂ ಅಲ್ಲಗಳೆಯಲಾಗದ ಸಂಗತಿ.

ಮನೆಯೊಳಗೆ ಹೆಂಗಸರು ಊರಿನ ವಿಚಾರ ಮಾತನಾಡುತ್ತಿದ್ದರೇ?

ಖಂಡಿತ. ಪೌರನ ಹೆಂಡತಿಯಂತೆ ಬಾಳಿದಳೆಂಬ ಆರೋಪ ಹೊತ್ತ ಗಣಿಕೆ ನೆಯೆರಾಳ ವಿರುದ್ಧದ ಭಾಷಣದಲ್ಲಿ ಅಪೊಲೊಡೋರಸ್ ನ್ಯಾಯನಿರ್ಣಾಯಕರನ್ನು ಹೆದರಿಸುವುದೇ ಹೀಗೆ: ಇವಳನ್ನು ಬಿಟ್ಟು ಮನೆಗೆ ಹೋದರೆ ಹೆಂಡತಿ, ಮಗಳು, ತಾಯಿ ‘ಎಲ್ಲಿಗೆ ಹೋಗಿದ್ದಿರಿ’ ಎಂದು ಕೇಳುತ್ತಾರೆ, ‘ಯಾರ ಮೊಕದ್ದಮೆ’ ಎಂದು ಕೇಳುತ್ತಾರೆ, ಆಗ ಏನು ಹೇಳುತ್ತೀರಿ? ಅದಕ್ಕೂ ಹಿಂದೆ, ಕ್ರಿ.ಪೂ. 411ರಲ್ಲಿ ಅರಿಸ್ಟೋಫನೀಸ್ ಬರೆದ ‘ಲಿಸಿಸ್ಟ್ರಾಟಾ’ ಪ್ರಹಸನದಲ್ಲಿ ಅದೇ ದೃಶ್ಯ ಹೆಂಗಸಿನ ಕಡೆಯಿಂದ ಕಾಣುತ್ತದೆ. ಒಳಗೆ ಸಂಕಟ, ಹೊರಗೆ ನಗು, ‘ಇವತ್ತು ಸಭೆಯಲ್ಲಿ ಒಪ್ಪಂದದ ಬಗ್ಗೆ ಏನು ತೀರ್ಮಾನವಾಯಿತು’ ಎಂದು ಕೇಳಿದರೆ ಗಂಡ ‘ನಿನಗೇಕೆ, ಬಾಯಿ ಮುಚ್ಚು’ ಎನ್ನುತ್ತಿದ್ದ, ನಾನು ಮುಚ್ಚಿಕೊಳ್ಳುತ್ತಿದ್ದೆ ಎನ್ನುತ್ತಾಳೆ ನಾಯಕಿ ಲಿಸಿಸ್ಟ್ರಾಟಾ. ‘ಯುದ್ಧ ಗಂಡಸರ ಕೆಲಸ’ ಎಂಬ ಹೋಮರನ ಸಾಲನ್ನು ಆ ನಾಟಕ ತಿರುವಿಹಾಕಿ ‘ಯುದ್ಧ ಹೆಂಗಸರ ಕೆಲಸ’ ಮಾಡುತ್ತದೆ.

ನಾಟಕಗಳ ಹೆಂಗಸರು ಅಷ್ಟು ಚೆನ್ನಾಗಿ ವಾದಿಸುತ್ತಾರಲ್ಲ, ಅದನ್ನು ಪುರಾವೆ ಎನ್ನಬಹುದೇ?

ನೇರವಾಗಿ ಎನ್ನಲಾಗದು. ಮೀಡಿಯಾ, ಅಂತಿಗೊನೆ, ಕ್ಲೈಟೆಮ್ನೆಸ್ಟ್ರಾ ಎಲ್ಲರನ್ನೂ ಬರೆದವರು ಗಂಡಸರು, ಮುಖವಾಡ ಹಾಕಿ ಆಡಿದವರೂ ಗಂಡಸರು. ನಮ್ಮ ಯಕ್ಷಗಾನದ ಸ್ತ್ರೀವೇಷ ಕಂಡವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ.

ನನಗೆ ಬಹಳ ಇಷ್ಟವಾದ ದೃಶ್ಯ ಅರಿಸ್ಟೋಫನೀಸನ ‘ಸಭೆಯ ಹೆಂಗಸರು’ ಪ್ರಹಸನದ್ದು, ಸುಮಾರು ಕ್ರಿ.ಪೂ. 391. ಸುಳ್ಳು ಗಡ್ಡ ಕಟ್ಟಿಕೊಂಡು ಸಭೆಗೆ ನುಗ್ಗುವ ಮೊದಲು ಹೆಂಗಸರು ನಸುಕಿನಲ್ಲಿ ತಾಲೀಮು ನಡೆಸುತ್ತಾರೆ. ಒಬ್ಬಳು ಸಭೆ ತುಂಬುವವರೆಗೆ ಹಿಂಜೋಣ ಎಂದು ಉಣ್ಣೆ ತಂದಿದ್ದಾಳೆ. ಇನ್ನೊಬ್ಬಳು ಮಾತಿನ ನಡುವೆ ‘ಇಬ್ಬರು ದೇವಿಯರಾಣೆ’ ಎಂದುಬಿಡುತ್ತಾಳೆ. ಅದು ಹೆಂಗಸರು ಮಾತ್ರ ಇಡುವ ಆಣೆ. ಮತ್ತೆ ಶುರುಮಾಡಿಸಿದರೆ ಈ ಸಲ ಸಭಿಕರನ್ನು ‘ಹೆಂಗಸರೇ’ ಎಂದು ಕರೆಯುತ್ತಾಳೆ. ಕೊನೆಗೆ ಅವರ ಮುಂದಾಳು ಪ್ರಾಕ್ಸಗೋರಾ ತಾನೇ ಮಾತನಾಡಿ ತೋರಿಸುತ್ತಾಳೆ. ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ ಎಂದರೆ, ಯುದ್ಧದಲ್ಲಿ ನೆಲೆ ತಪ್ಪಿ ಬಂದಾಗ ಗಂಡನೊಂದಿಗೆ ಪ್ನಿಕ್ಸ್ ಗುಡ್ಡದಲ್ಲೇ ವಾಸವಿದ್ದೆ, ಭಾಷಣಗಾರರನ್ನು ಕೇಳಿ ಕೇಳಿ ಕಲಿತೆ ಎನ್ನುತ್ತಾಳೆ. ನಗಿಸಲೆಂದೇ ಬರೆದ ಮಾತು ಇದು. ಆದರೂ ಕಲಿಕೆಗೆ ಬೇಕಾದದ್ದು ಕೇಳಿಸುವಷ್ಟು ಹತ್ತಿರದ ಜಾಗ, ಹುಟ್ಟಿದ ಲಿಂಗಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದು ನಗೆಗಾರನಿಗೂ ಹೊಳೆದಿತ್ತು.

ದೇವಾಲಯಗಳಲ್ಲಿ ಹೇಗೆ?

ಅಲ್ಲಿ ಹೆಂಗಸಿನ ಮಾತಿಗೆ ಅಧಿಕಾರವೇ ಇತ್ತು. ಡೆಲ್ಫಿಯಲ್ಲಿ ಕಣಿ ಹೇಳುವ ಅರ್ಚಕಿ ಪೈಥಿಯಾ ನುಡಿದದ್ದನ್ನು ಕೇಳಲು ರಾಜರು ದೂತರನ್ನು ಕಳಿಸುತ್ತಿದ್ದರು. ಕ್ರಿ.ಪೂ. 415ರಲ್ಲಿ ಧರ್ಮದ್ರೋಹದ ಆರೋಪ ಹೊತ್ತ ಸೇನಾನಿ ಆಲ್ಸಿಬಯಡೀಸನನ್ನು ಎಲ್ಲ ಪುರೋಹಿತರೂ ಶಪಿಸಬೇಕೆಂದು ಅಥೆನ್ಸ್ ಆಜ್ಞೆ ಮಾಡಿದಾಗ ಥಿಯಾನೋ ಎಂಬ ಅರ್ಚಕಿ ಒಪ್ಪಲಿಲ್ಲ. ನಾನು ಹರಸುವ ಅರ್ಚಕಿ, ಶಪಿಸುವವಳಲ್ಲ ಎಂದಳಂತೆ, ಪ್ಲೂಟಾರ್ಕ್ ಬರೆದಿದ್ದಾನೆ. ಥೆಸ್ಮೊಫೋರಿಯಾ ಹಬ್ಬದಲ್ಲಿ ಮೂರು ದಿನ ಗಂಡಸರಿಗೆ ಪ್ರವೇಶವಿರಲಿಲ್ಲ. ಸಾವಿನ ಮನೆಯ ಶೋಕಗೀತೆಯೂ ಹೆಂಗಸರದೇ. ಅದನ್ನು ಅಳತೆಯೊಳಗಿಡಲು ಅಥೆನ್ಸಿನ ಶಾಸನಕಾರ ಸೋಲನ್ ಕಾನೂನನ್ನೇ ತಂದ. ಸತ್ತವರಿಗೆ ಗಂಡಸರು ನಿಂತು ಹೇಳುವ ಸರ್ಕಾರಿ ಭಾಷಣ, ಪೆರಿಕ್ಲೀಸ್ ಮಾಡಿದಂಥದ್ದು, ಹೀಗೆ ತಗ್ಗಿಸಿದ ದನಿಯ ಜಾಗದಲ್ಲಿ ಬೆಳೆಯಿತು.

ಅಥೆನ್ಸಿನ ಹೊರಗೆ?

ಚಿತ್ರ ಬೇರೆ. ಹೆರೊಡೋಟಸ್ ಹೇಳುವ ಸ್ಪಾರ್ಟಾದ ಗೋರ್ಗೋಗೆ ಆಗ ಎಂಟೋ ಒಂಬತ್ತೋ ವರ್ಷ. ಮಿಲೆಟಸ್‌ನ ಅರಿಸ್ಟಾಗೋರಸ್ ಅವಳ ತಂದೆ, ರಾಜ ಕ್ಲಿಯೊಮೆನೀಸ್‌ಗೆ ಲಂಚದ ಆಸೆ ತೋರಿಸುತ್ತಾ ಹತ್ತು ಟ್ಯಾಲೆಂಟಿನಿಂದ ಐವತ್ತಕ್ಕೆ ಏರಿದ್ದ. ‘ಅಪ್ಪಾ, ನೀನು ಎದ್ದು ಹೋಗದಿದ್ದರೆ ಈ ಪರದೇಶಿ ನಿನ್ನನ್ನು ಕೆಡಿಸುತ್ತಾನೆ’ ಎಂದಳು. ಅಪ್ಪ ಎದ್ದು ಹೋದ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಯುದ್ಧಕ್ಕೆ ಮುನ್ನ ಪರ್ಷಿಯಾದ ದೊರೆಯ ಮುಂದೆ, ಸಮುದ್ರದಲ್ಲಿ ಕಾದಬೇಡಿ ಎಂದು ಸಲಹೆ ಕೊಟ್ಟವಳು ಹಲಿಕಾರ್ನಾಸಸ್‌ನ ರಾಣಿ ಆರ್ಟೆಮಿಸಿಯಾ ಒಬ್ಬಳೇ. ಕ್ಸರ್ಕ್ಸೀಸ್ ಮೆಚ್ಚಿದ, ಆದರೆ ಬಹುಮತದಂತೆ ನಡೆದು ಸೋತ.

ಫ್ರೈನೆ ಎಂಬ ಗಣಿಕೆಯ ಪರ ವಾದಿಸಿದವನು ಅವಳ ಎದೆ ಬಿಚ್ಚಿ ತೋರಿಸಿ ಮೊಕದ್ದಮೆ ಗೆದ್ದ ಕಥೆ ನಿಜವೇ?

ನಂಬಬೇಡಿ. ಅದಕ್ಕಿಂತ ಹಳೆಯ ಪ್ರಹಸನವೊಂದರ ಪ್ರಕಾರ ಅವಳು ನ್ಯಾಯನಿರ್ಣಾಯಕರ ಕೈಗಳನ್ನು ಒಬ್ಬೊಬ್ಬರದಾಗಿ ಹಿಡಿದು ಅಂಗಲಾಚಿದಳು. ಬಟ್ಟೆ ಹರಿದ ಭಾಗ ಆಮೇಲೆ ಸೇರಿಕೊಂಡಿತು. ಚಿತ್ರಕಾರರಿಗೆ ಎರಡನೆಯದೇ ಇಷ್ಟವಾಯಿತು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಕವಯಿತ್ರಿ ಸಾಫೋಳನ್ನು ಭಾಷಣಕಲೆಯ ಚರಿತ್ರೆಗೆ ಸೇರಿಸಬಹುದೇ?

ಸೇರಿಸಬೇಕು ಎಂದೇ ನನ್ನ ವಾದ. ಅವಳ ಒಂದು ಕವಿತೆ ಹೀಗೆ ಆರಂಭವಾಗುತ್ತದೆ: ಕೆಲವರು ಕುದುರೆ ದಂಡು ಅತಿ ಸುಂದರ ಎನ್ನುತ್ತಾರೆ, ಕೆಲವರು ಕಾಲಾಳು, ಕೆಲವರು ಹಡಗು, ನಾನು ಹೇಳುತ್ತೇನೆ, ಯಾರು ಯಾವುದನ್ನು ಪ್ರೀತಿಸುತ್ತಾರೋ ಅದೇ. ಇದನ್ನು ಎಲ್ಲರಿಗೂ ತಿಳಿಯುವಂತೆ ಮಾಡುವುದು ಸುಲಭ ಎಂದು ಹೇಳಿ, ಪ್ರೀತಿಗಾಗಿ ಗಂಡನನ್ನು ಬಿಟ್ಟು ಟ್ರಾಯ್ ನಗರಕ್ಕೆ ಹೋದ ಹೆಲೆನಳನ್ನು ಪುರಾವೆಯಾಗಿ ತರುತ್ತಾಳೆ. ಪ್ರತಿಪಾದನೆ, ಭಿನ್ನಮತ, ಉದಾಹರಣೆ ಎಲ್ಲ ಇದೆ. ಮಾತಿನ ಶಕ್ತಿಯನ್ನು ಕೊಂಡಾಡಲು ಭಾಷಣಕಲೆಯ ಗುರು ಗೋರ್ಗಿಯಾಸ್ ಅದೇ ಹೆಲೆನಳನ್ನು ಎತ್ತಿಕೊಂಡದ್ದು ಸುಮಾರು ಎರಡು ಶತಮಾನ ಕಳೆದ ಮೇಲೆ.

ಗಂಡಸರೊಂದಿಗೆ ಎದುರೆದುರು ವಾದಿಸಿ ಗೆದ್ದವರು?

ಸಮಾಜದ ಕಟ್ಟಳೆಗಳನ್ನು ಲೆಕ್ಕಿಸದ ಸಿನಿಕ ಎಂಬ ತತ್ತ್ವಪಂಥದ ಹಿಪ್ಪಾರ್ಕಿಯಾ. ಔತಣಕೂಟವೊಂದರಲ್ಲಿ ಥಿಯೊಡೋರಸ್ ಎಂಬ ತತ್ತ್ವಜ್ಞಾನಿಯ ಮುಂದೆ ಅವಳು ಇಟ್ಟ ತರ್ಕ: ಥಿಯೊಡೋರಸ್ ಮಾಡಿದರೆ ತಪ್ಪಲ್ಲದ್ದು ಹಿಪ್ಪಾರ್ಕಿಯಾ ಮಾಡಿದರೂ ತಪ್ಪಲ್ಲ. ಥಿಯೊಡೋರಸ್ ತನಗೆ ತಾನೇ ಹೊಡೆದುಕೊಂಡರೆ ತಪ್ಪಲ್ಲ. ಆದ್ದರಿಂದ ಹಿಪ್ಪಾರ್ಕಿಯಾ ಥಿಯೊಡೋರಸ್‌ಗೆ ಹೊಡೆದರೂ ತಪ್ಪಲ್ಲ. ಅವನಿಗೆ ಉತ್ತರ ಸಿಗಲಿಲ್ಲ, ಅವಳ ಮೇಲುವಸ್ತ್ರ ಎಳೆಯಲು ಹೋದ. ಅವಳು ಬೆಚ್ಚಲಿಲ್ಲ. ‘ಮಗ್ಗದ ಲಾಳಿ ಬಿಟ್ಟು ಬಂದವಳು ಇವಳೇನೋ’ ಎಂದು ಯೂರಿಪಿಡೀಸನ ಸಾಲು ಎಸೆದ. ‘ನಾನೇ. ಮಗ್ಗಕ್ಕೆ ಕಳೆಯಬೇಕಿದ್ದ ಹೊತ್ತನ್ನು ಕಲಿಯಲು ಬಳಸಿದೆ, ತಪ್ಪು ಮಾಡಿದೆನೇ?’ ಎಂದಳು. ಟೆಲಿಮಾಕಸ್ ತಾಯಿಯನ್ನು ಅಟ್ಟಿದ ಅದೇ ಮಗ್ಗ.

ಹೆಂಗಸು ಬಹಿರಂಗವಾಗಿ ಜನರ ಮುಂದೆ ನಿಂತದ್ದಕ್ಕೆ ಕಲ್ಲಿನ ಮೇಲೆ ಬರೆದ ಸಾಕ್ಷಿ ಇದೆಯೇ?

ಇದೆ. ಕ್ರಿ.ಪೂ. 218-217ರಲ್ಲಿ ಲಾಮಿಯಾ ಎಂಬ ಊರು ಸ್ಮಿರ್ನಾದ ಅರಿಸ್ಟೊಡಾಮಾ ಎಂಬ ಕವಯಿತ್ರಿಯನ್ನು ಗೌರವಿಸಿ ಶಾಸನ ಕೆತ್ತಿಸಿತು. ಅವಳು ಊರಿಗೆ ಬಂದು ತನ್ನ ಕಾವ್ಯಗಳನ್ನು ಹಲವು ಬಾರಿ ಪ್ರದರ್ಶಿಸಿದಳು, ಅವುಗಳಲ್ಲಿ ಈಟೋಲಿಯನ್ ಜನರನ್ನೂ ಅವರ ಪೂರ್ವಜರನ್ನೂ ತಕ್ಕ ಹಾಗೆ ಕೊಂಡಾಡಿದಳು ಎಂದಿದೆ. ‘ಪ್ರದರ್ಶನ’ಕ್ಕೆ ಅಲ್ಲಿ ಬಳಸಿದ ಪದ ‘ಎಪಿಡೆಯ್ಕ್ಸಿಸ್’. ಅರಿಸ್ಟಾಟಲ್ ಹೇಳಿದ ಮೂರನೆಯ ಬಗೆಯ ಭಾಷಣಕ್ಕೂ ಹೆಸರು ಬಂದದ್ದು ಈ ಪದದಿಂದಲೇ. ಅವಳಿಗೆ ಊರಿನ ಪೌರತ್ವ ಕೊಟ್ಟರು, ಜಮೀನು ಹೊಂದುವ ಹಕ್ಕು ಕೊಟ್ಟರು. ಕೆಳಗೆ ಅವಳ ಸೋದರನ ಹೆಸರನ್ನೂ ಕೆತ್ತಿ, ಅವನಿಗೂ ಗೌರವ ಸಲ್ಲಿಸಿದರು.